ಚಪ್ಪಲಿ ಸವೆದಿರಲಿಲ್ಲ

ಒಂದು ಭಾನುವಾರ ಚಪ್ಪಲಿ ಸ್ಟ್ಯಾಂಡ್ ಒರೆಸುತ್ತಿದ್ದೆ. ಕೆಳಗಿನ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು ಅಮ್ಮನ ಚಪ್ಪಲಿ ಇತ್ತು. ಧೂಳು ಕೊಡವೋಣ ಅಂತ ಸುಮ್ನೆ ತಿರುಗಿಸಿದೆ. ಅಟ್ಟೆಯ ಗೀರುಗಳೆಲ್ಲ ಅಂಗಡಿಯಲ್ಲಿದ್ದ ಹಾಗೇ ಇದ್ದವು. ಹಿಮ್ಮಡಿಯ ಜಾಗದಲ್ಲಿ ಅಳತೆಯ ಚೀಟಿ ಅರ್ಧ ಹರಿದು ಇನ್ನೂ ಅಂಟಿಕೊಂಡಿತ್ತು. ಆ ಚಪ್ಪಲಿ ತಂದು ಎರಡು ವರ್ಷದ ಮೇಲಾಗಿದೆ. ಅದರ ಜೊತೆಗೇ ತಂದಿದ್ದ ನನ್ನ ಜೋಡಿ ಎರಡು ಸಲ ಕಿತ್ತುಹೋಗಿ, ಹೊಲಿಸಿಕೊಂಡು, ಕೊನೆಗೆ ಕಸದ ಬುಟ್ಟಿ ಸೇರಿಯೂ ಆಗಿತ್ತು.

ಅಲ್ಲೇ ನೆಲದ ಮೇಲೆ ಕೂತು ಲೆಕ್ಕ ಹಾಕಿದೆ. ಈ ಎರಡು ವರ್ಷದಲ್ಲಿ ಅಮ್ಮ ಎಷ್ಟು ಸಲ ಹೊರಗೆ ಹೋಗಿದ್ದಾಳೆ? ಕಣ್ಣಿನ ಡಾಕ್ಟರ ಹತ್ತಿರ ಎರಡು ಸಲ. ರಕ್ತ ಪರೀಕ್ಷೆಗೆ ಒಂದು ಸಲ, ಆಮೇಲೆ ಅದಕ್ಕೂ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಹುಡುಗ ಸಿಕ್ಕಿದ. ಅಕ್ಕನ ಮನೆಗೆ ಒಂದು ಸಲ. ಐದನೆಯದು ನೆನಪಿಗೆ ಬರಲಿಲ್ಲ. ಒಂದು ಕಾಲದಲ್ಲಿ ಇದೇ ಅಮ್ಮನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅವಳನ್ನು ಯಾರೂ ಕೂಡಿಹಾಕಿಲ್ಲ. ಮನೆಯಲ್ಲಿ ಜಗಳವೂ ಇಲ್ಲ. ಕರೆದಾಗಲೆಲ್ಲ ಅವಳೇ "ಬೇಡ ಬಿಡು, ನೀವು ಹೋಗಿ ಬನ್ನಿ" ಅಂದಿದ್ದಾಳೆ. ನಾವೂ ಹೋಗಿ ಬಂದಿದ್ದೇವೆ. ಅಷ್ಟೇ ನಡೆದದ್ದು.

ವಯಸ್ಸಾದವರು ಮನೆ ಬಿಟ್ಟು ಹೊರಡಲು ಆಗುವುದಿಲ್ಲ ಅಂದ ಕೂಡಲೇ ಹಾಸಿಗೆ ಹಿಡಿದವರು ಕಣ್ಣ ಮುಂದೆ ಬರುತ್ತಾರೆ. ನನಗೂ ಹಾಗೇ ಇತ್ತು. ಅಮ್ಮ ಹಾಸಿಗೆ ಹಿಡಿದಿಲ್ಲ. ತನ್ನ ಬಟ್ಟೆ ತಾನೇ ಮಡಿಸುತ್ತಾಳೆ, ಕಿಟಕಿ ಒರೆಸುತ್ತಾಳೆ, ಫೋನಿನಲ್ಲಿ ಅರ್ಧ ಗಂಟೆ ಮಾತಾಡುತ್ತಾಳೆ. ಹೊಸ್ತಿಲ ತನಕ ಎಲ್ಲ ಸರಿ. ಮನೆಗೆ ಬಂದು ಹೋಗುವವರಿಗೆ "ಅಮ್ಮ ಆರಾಮಾಗಿದ್ದಾರೆ" ಅಂತಲೇ ಕಾಣುತ್ತದೆ. ಹೊಸ್ತಿಲಿನ ಆಚೆಗಿನದನ್ನು ಯಾರೂ ನೋಡಿರುವುದಿಲ್ಲ, ಅಲ್ವಾ?

ಬಾಗಿಲ ಚೌಕಟ್ಟು ಹಿಡಿದು

ಚಪ್ಪಲಿ ನೋಡುವುದಕ್ಕೆ ಒಂದಷ್ಟು ತಿಂಗಳ ಹಿಂದೆ ಒಂದು ಮದುವೆ ಇತ್ತು. ಹತ್ತಿರದ ನೆಂಟರದ್ದು. ಅಮ್ಮನನ್ನು ಕರೆದೆವು. ಮಾಮೂಲಿ ಉತ್ತರ ಬಂತು. "ಅಷ್ಟು ಜನ, ಗಲಾಟೆ, ನನಗೆ ಈಗ ಅದೆಲ್ಲ ಹಿಡಿಸಲ್ಲ ಕಣೋ." ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡದೆ ಇರುವುದೇ ಮರ್ಯಾದೆ ಅಂತ ನಾನು ನಂಬಿಕೊಂಡಿದ್ದೆ. ಹೊರಟು ಐದು ನಿಮಿಷ ಆಗಿರಬಹುದು, ಫೋನ್ ಮರೆತದ್ದು ಗೊತ್ತಾಯಿತು. ವಾಪಸ್ ಬಂದೆ.

ಗೇಟಿನಿಂದಲೇ ಕಂಡಿತು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಬಲಗೈಯಲ್ಲಿ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದಿದ್ದಳು. ಎಡಗಾಲು ಮೊದಲ ಮೆಟ್ಟಿಲ ಮೇಲೆ ಇತ್ತು, ಬಲಗಾಲು ಇನ್ನೂ ಹೊಸ್ತಿಲ ಒಳಗೆ. ಮುಖ ಕೆಳಗೆ. ಈಜು ಬಾರದವರು ನೀರಿಗೆ ಕಾಲು ಇಟ್ಟು ಆಳ ನೋಡುತ್ತಾರಲ್ಲ, ಥೇಟ್ ಹಾಗೆ. ಗೇಟಿನ ಸದ್ದಾದದ್ದೇ ತಡ, ಕಾಲನ್ನು ಒಳಗೆ ಎಳೆದುಕೊಂಡಳು. "ಗಾಳಿಗೆ ನಿಂತಿದ್ದೆ" ಅಂದಳು. ನಾನು ಫೋನ್ ತೆಗೆದುಕೊಂಡು ಹೊರಟುಬಿಟ್ಟೆ. ಆ ದಿನ ಅದರ ಬಗ್ಗೆ ಯೋಚಿಸಿದೆ ಅಂತ ಸುಳ್ಳು ಹೇಳುವುದಿಲ್ಲ. ಚಪ್ಪಲಿ ತಿರುಗಿಸಿ ನೋಡಿದಾಗಲೇ ಅದು ನೆನಪಾದದ್ದು. ಗಲಾಟೆ ಹಿಡಿಸದವಳು ಯಾರೂ ಇಲ್ಲದಾಗ ಮೆಟ್ಟಿಲು ಇಳಿಯುವ ಅಭ್ಯಾಸ ಯಾಕೆ ಮಾಡುತ್ತಾಳೆ?

ಆಮೇಲೆ ಈ ವಿಷಯದ ಬಗ್ಗೆ ಓದುತ್ತಾ ಹೋದಾಗ ಒಂದು ಸರಕಾರಿ ನಿಯಮ ಕಣ್ಣಿಗೆ ಬಿತ್ತು. ಅಮೆರಿಕದಲ್ಲಿ ವಯಸ್ಸಾದವರಿಗೆ ಇರುವ ಮೆಡಿಕೇರ್ ಎಂಬ ವಿಮೆಯಲ್ಲಿ, ಮನೆಗೇ ನರ್ಸ್ ಬರಬೇಕಾದರೆ ಆ ವ್ಯಕ್ತಿ ಮನೆ ಬಿಟ್ಟು ಹೊರಡಲಾಗದವರು ಅಂತ ಡಾಕ್ಟರೋ ಅಂಥ ಅಧಿಕಾರ ಇರುವವರೋ ಬರೆದುಕೊಡಬೇಕು. ಹಾಗಂದರೇನು ಅಂತ ನಿಯಮ ವಿವರಿಸುತ್ತದೆ. ಕಾಲೇ ಹೊರಗಿಡದವರು ಅಂತ ಅದು ಹೇಳುವುದಿಲ್ಲ. ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ಹೋಗಿ ಬಂದರೂ ಪರವಾಗಿಲ್ಲ. ಮುಖ್ಯವಾಗಿ ನೋಡುವುದು, ಮನೆಯಿಂದ ಹೊರಡಲು ಆ ಮನುಷ್ಯ ತುಂಬಾ ಶ್ರಮ ಪಡಬೇಕಾ, ಅದರಿಂದ ಸುಸ್ತಾಗುತ್ತಾರಾ ಅನ್ನುವುದನ್ನು. ಹೋಗಲು ಆಗುತ್ತದಾ ಅಂತ ಮಾತ್ರ ಕೇಳಿ ಬಿಡುವುದಿಲ್ಲ, ಹೋದರೆ ಮೈಯ ಶಕ್ತಿ ಎಷ್ಟು ಖರ್ಚಾಗುತ್ತದೆ ಅಂತಲೂ ಕೇಳುತ್ತದೆ. ಇಪ್ಪತ್ತು ಹೆಜ್ಜೆ ದೂರದ ಕೋಣೆಯಲ್ಲಿ ಮಲಗುವ ನಾನು ಅಮ್ಮನಿಗೆ ಆ ಪ್ರಶ್ನೆ ಕೇಳಿರಲಿಲ್ಲ. "ಬರ್ತೀಯಾ?" ಅಂತ ಕೇಳುತ್ತಿದ್ದೆ. ಅದಕ್ಕೆ ಉತ್ತರ ಹೌದು ಅಥವಾ ಇಲ್ಲ. ಅಮ್ಮನ ಹತ್ತಿರ ಇದ್ದ ಉತ್ತರ ಅಷ್ಟು ಚಿಕ್ಕದಾಗಿರಲಿಲ್ಲ.

ಮೂರು ಮೆಟ್ಟಿಲು

ಎರಡೂವರೆ ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಮೂಳೆ ಮುರಿಯಲಿಲ್ಲ. ಎಡಗೈ ಮಣಿಕಟ್ಟು ಉಳುಕಿತು, ಎಡ ಮಂಡಿ ಊದಿತು. ಮೊದಲೇ ಸವೆದಿದ್ದ ಮಂಡಿ ಅದು. ಹತ್ತು ಹನ್ನೆರಡು ದಿನ ಮಲಗಿದ್ದಳು, ಎದ್ದಳು. "ದೇವರ ದಯೆ, ಏನೂ ಆಗಲಿಲ್ಲ" ಅಂತ ಎಲ್ಲರಿಗೂ ಹೇಳಿದೆವು. ಎಕ್ಸ್‌ರೇ ನೋಡಿ ಹೇಳಿದ ಮಾತು ಅದು.

ಎಕ್ಸ್‌ರೇಯಲ್ಲಿ ಕಾಣದ್ದು ಎರಡು ಇದ್ದವು. ಮೊದಲನೆಯದು ಆ ಹತ್ತು ಹನ್ನೆರಡು ದಿನ. 2007ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ವಯಸ್ಸಾದವರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು 1 ಕಿಲೋ ಮಾಂಸಖಂಡ ಇಳಿದಿತ್ತು. ಕಾಯಿಲೆ ಇಲ್ಲದವರಿಗೇ ಹೀಗೆ. ಅಮ್ಮನಿಗೆ ನಾವು ಪ್ರೀತಿಯಿಂದ "ಏಳಬೇಡ, ನಾನು ತಂದುಕೊಡ್ತೀನಿ" ಅಂತ ಹೇಳಿದ ಒಂದೊಂದು ದಿನಕ್ಕೂ ಅವಳ ತೊಡೆ ಬೆಲೆ ಕೊಟ್ಟಿದೆ. ಕುರ್ಚಿಯಿಂದ ಏಳುವುದು, ಮೆಟ್ಟಿಲು ಇಳಿಯುವುದು, ಎಲ್ಲ ಆ ತೊಡೆಯ ಕೆಲಸವೇ.

ಎರಡನೆಯದು ಭಯ. ಬರ್ನಾರ್ಡ್ ಐಸಾಕ್ಸ್ ಅಂತ ಬ್ರಿಟನ್ನಿನಲ್ಲಿ ಒಬ್ಬ ವೈದ್ಯರಿದ್ದರು, ವಯಸ್ಸಾದವರ ಕಾಯಿಲೆಗಳಲ್ಲಿ ಪರಿಣತರು. ಮುಪ್ಪಿನ ದೈತ್ಯರು ಅಂತ ನಾಲ್ಕನ್ನು ಹೆಸರಿಸಿದವರು: ಓಡಾಡಲಾಗದಿರುವುದು, ಆಯ ತಪ್ಪುವುದು, ಮಲಮೂತ್ರ ತಡೆಯಲಾಗದಿರುವುದು, ಬುದ್ಧಿ ಮಂಕಾಗುವುದು. 1982ರಲ್ಲಿ ಅವರೂ ಜೊತೆಗಾರರೊಬ್ಬರೂ ಸೇರಿ, ಬಿದ್ದ ಮೇಲೆ ಕೆಲವರು ಹೇಗಾಗುತ್ತಾರೆ ಅಂತ ಬರೆದರು. ಏನಾದರೂ ಹಿಡಿದುಕೊಳ್ಳದೆ ಹೆಜ್ಜೆ ಇಡಲು ಹೆದರುತ್ತಾರೆ, ಮೇಜು, ಗೋಡೆ, ಸಿಕ್ಕಿದ್ದನ್ನೆಲ್ಲ ತಡಕುತ್ತಾರೆ. ಅದನ್ನು ಓದಿದಾಗ ನಮ್ಮ ಮನೆಯ ಗೋಡೆ ನೆನಪಾಯಿತು. ಅಮ್ಮನ ಕೋಣೆಯಿಂದ ಬಚ್ಚಲ ತನಕ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಸುಣ್ಣದ ಮೇಲೆ ಒಂದು ಮಸುಕು ಪಟ್ಟಿ ಇದೆ. ಮಕ್ಕಳ ಕೈ ಅಂತ ನಾನು ಬೈದಿದ್ದೆ. ಅದು ಅಮ್ಮನ ಬೆರಳು. ಮನೆಯೊಳಗೆ ಅವಳು ಸಲೀಸಾಗಿ ಓಡಾಡುವುದು ಗೋಡೆ ಇರುವುದರಿಂದ. ಹೊಸ್ತಿಲು ದಾಟಿದರೆ ಗೋಡೆ ಮುಗಿಯುತ್ತದೆ. ಅಲ್ಲಿ ಮೂರು ಮೆಟ್ಟಿಲು, ಹಿಡಿಯಲು ಏನೂ ಇಲ್ಲ, ಆಮೇಲೆ ಖಾಲಿ ಅಂಗಳ.

ಈ ಭಯಕ್ಕೆ ಬುಡವಿಲ್ಲ ಅಂತಲೂ ಹೇಳಲಾಗದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಅದರಲ್ಲಿ 60 ದಾಟಿದವರೇ ಜಾಸ್ತಿ. ಮೇಲಿಂದ ಅಮ್ಮನದು ಎರಡು ಪವರ್ ಇರುವ ಕನ್ನಡಕ. ಕೆಳಗಿನ ಭಾಗ ಓದುವುದಕ್ಕೆ. ಮೆಟ್ಟಿಲು ಇಳಿಯುವಾಗ ಕೆಳಗೆ ನೋಡಬೇಕು, ನೋಡಿದರೆ ಕಣ್ಣು ಬೀಳುವುದು ಓದುವ ಗಾಜಿನ ಮೇಲೆ, ಮೆಟ್ಟಿಲಿನ ಅಂಚು ಮಂಜು ಮಂಜು. ಇಷ್ಟು ವರ್ಷ ಅಮ್ಮ ಗದ್ದ ಎದೆಗೆ ಒತ್ತಿಕೊಂಡು ಇಳಿಯುತ್ತಿದ್ದದ್ದು ಅದಕ್ಕೇ. ನಾನು ಬೆನ್ನು ಬಾಗಿದೆ ಅಂದುಕೊಂಡಿದ್ದೆ.

ಮೆಟ್ಟಿಲು ಇಳಿದರೂ ರಸ್ತೆ ಇದೆ. ಇಂಗ್ಲೆಂಡಿನಲ್ಲಿ ಪಾದಚಾರಿ ಸಿಗ್ನಲ್ ಲೆಕ್ಕ ಹಾಕುವಾಗ ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಹಿಡಿಯುತ್ತಿದ್ದರು. 65 ದಾಟಿದವರ ನಡಿಗೆಯನ್ನು ಅಳೆದು ನೋಡಿದರೆ ಸರಾಸರಿ ಗಂಡಸರದು 0.9 ಮೀಟರ್, ಹೆಂಗಸರದು 0.8. ಅಂದರೆ ರಸ್ತೆಯ ನಡುವೆ ಇರುವಾಗಲೇ ದೀಪ ಬದಲಾಗುತ್ತದೆ. ಅದನ್ನು ಲೆಕ್ಕ ಹಾಕಿದವರು ಯಾರ ಅಮ್ಮನ ಜೊತೆಗೂ ನಡೆದು ನೋಡಿರಲಿಲ್ಲ ಅಂತ ಕಾಣುತ್ತದೆ.

ಅಕ್ಕ ಕಂಡುಹಿಡಿದದ್ದು

ಇಷ್ಟೆಲ್ಲ ತಿಳಿದುಕೊಂಡ ಮೇಲೆ, ಕಾಲು ಮತ್ತು ಮೆಟ್ಟಿಲು ಸರಿಹೋದರೆ ಅಮ್ಮ ಹೊರಡುತ್ತಾಳೆ ಅಂತ ಒಂದು ತೀರ್ಮಾನಕ್ಕೆ ಬಂದಿದ್ದೆ. ಅಕ್ಕ ಬಂದು ಎರಡು ದಿನ ಇದ್ದು ಹೋದಳು. ಹೋಗುವಾಗ ನನ್ನನ್ನು ಗೇಟಿನ ಹತ್ತಿರ ಕರೆದು, "ಬಿಪಿಗೆ ಕೊಟ್ಟಿರೋ ಮಾತ್ರೆ ಎಂಥದು ಅಂತ ನೋಡಿದೀಯಾ?" ಅಂದಳು. ನೋಡಿರಲಿಲ್ಲ. ಅದರಲ್ಲಿ ಒಂದು ಮೂತ್ರ ಹೆಚ್ಚಿಸುವ ಮಾತ್ರೆ. ಬೆಳಿಗ್ಗೆ ನುಂಗಿದರೆ ಮುಂದಿನ ಎರಡು ಮೂರು ಗಂಟೆ ಮತ್ತೆ ಮತ್ತೆ ಹೋಗಬೇಕು, ಅದೂ ಬಂದ ಕೂಡಲೇ. ನಾವು ಎಲ್ಲಿಗಾದರೂ ಹೊರಡುವುದು ಆ ಹೊತ್ತಿಗೇ. ಕಣ್ಣಿನ ಡಾಕ್ಟರ ಹತ್ತಿರ ಹೋದ ಎರಡೂ ದಿನ ಅಮ್ಮ ಆ ಮಾತ್ರೆ ನುಂಗಿರಲಿಲ್ಲ. ಹಿಂದಿನ ರಾತ್ರಿಯಿಂದ ನೀರೂ ಕುಡಿದಿರಲಿಲ್ಲ. ಅಲ್ಲಿ ಎರಡು ಗಂಟೆ ಕಾಯಿಸಿದಾಗ "ಬಾಯಾರಿಕೆ ಇಲ್ಲ" ಅಂತ ನೀರಿನ ಬಾಟಲಿ ಹಿಂದಕ್ಕೆ ಕೊಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ವಾಪಸ್ ಬರುವಾಗ ತಲೆ ಸುತ್ತುತ್ತಿದೆ ಅಂದಿದ್ದಳು. ವಯಸ್ಸು ಅಂದುಕೊಂಡೆ.

ಮಗನ ಹತ್ತಿರ ಇದನ್ನು ಹೇಗೆ ಹೇಳುವುದು? ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಮದುವೆಗೆ ಕರೆದಾಗ ಅವಳ ತಲೆಯಲ್ಲಿ ಓಡಿದ್ದು ಗಲಾಟೆಯ ಯೋಚನೆ ಅಲ್ಲ. ಅಲ್ಲಿ ಟಾಯ್ಲೆಟ್ ಎಷ್ಟು ದೂರ, ಅದಕ್ಕೆ ಮೆಟ್ಟಿಲು ಇದೆಯಾ, ಕೂತರೆ ಏಳಲು ಹಿಡಿಯಲು ಏನಾದರೂ ಇದೆಯಾ, ಬಾಗಿಲ ಹೊರಗೆ ಯಾರು ನಿಲ್ಲುತ್ತಾರೆ. ಇದನ್ನೆಲ್ಲ ಅವಳು ಎರಡು ಸೆಕೆಂಡಿನಲ್ಲಿ ಕೂಡಿ ಕಳೆದು "ಬೇಡ ಬಿಡು" ಅಂದಳು. ನಮಗೆ ಕೇಳಿಸಿದ್ದು ಮೊತ್ತ ಮಾತ್ರ.

(ಡಾಕ್ಟರನ್ನು ಕೇಳಿದೆವು. ಹೊರಗೆ ಹೋಗುವ ದಿನ ಆ ಮಾತ್ರೆಯನ್ನು ಬಂದ ಮೇಲೆ ತೆಗೆದುಕೊಳ್ಳಬಹುದು ಅಂದರು. ಎರಡು ನಿಮಿಷದ ಮಾತು. ಎರಡು ವರ್ಷ ಯಾರೂ ಆಡದ ಮಾತು. ಅಮ್ಮನಿಗೆ ಹೀಗಂದರು ಅಂತ ನಿಮ್ಮ ಮನೆಯಲ್ಲಿ ಮಾತ್ರೆಯ ಹೊತ್ತು ಬದಲಿಸಬೇಡಿ, ಡಾಕ್ಟರನ್ನು ಕೇಳಿ.)

ಇನ್ನೊಂದನ್ನೂ ಅಕ್ಕನೇ ಹೇಳಿದಳು. "ಅವಳಿಗೆ ಬೀಳೋದಕ್ಕಿಂತ ನಿನ್ನ ಮುಖ ಜಾಸ್ತಿ ಭಯ." ನನಗೆ ಸಿಟ್ಟು ಬಂತು. ನಾನು ಏನೂ ಅಂದಿಲ್ಲವಲ್ಲ! ಆಮೇಲೆ ನೆನೆಸಿಕೊಂಡೆ. ಕಾರಿನ ಬಾಗಿಲು ತೆಗೆದು ಹಿಡಿದು ನಿಂತಾಗ ನಾನು ಗಡಿಯಾರ ನೋಡುತ್ತೇನೆ. ಬೈಯುವುದಿಲ್ಲ. ಸುಮ್ಮನೆ ನೋಡುತ್ತೇನೆ. ಅಮ್ಮನಿಗೆ ಕಣ್ಣು ಮಂಜಾಗಿರಬಹುದು, ಅದು ಮಾತ್ರ ಚೆನ್ನಾಗಿ ಕಂಡಿದೆ.

ಎಲ್ಲ ಮನೆಗೇ ಬಂದಾಗ

ನನ್ನ ತಪ್ಪು ಅಂತ ಒಂದನ್ನೇ ಆರಿಸಬೇಕಾದರೆ ಆ ಗಡಿಯಾರವನ್ನಲ್ಲ, ನಾನು ಹೆಮ್ಮೆಯಿಂದ ಮಾಡಿದ ಕೆಲಸಗಳನ್ನು ಆರಿಸುತ್ತೇನೆ. ಔಷಧಿ ಮನೆಗೇ ಬರುವ ಹಾಗೆ ಮಾಡಿದೆ. ಬ್ಯಾಂಕ್ ಕೆಲಸವನ್ನು ಫೋನಿಗೆ ತಂದೆ. ಮದುವೆಯನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಅಮ್ಮನಿಗೆ ಒಂದು ಹೆಜ್ಜೆಯೂ ಇಡದೆ ಎಲ್ಲ ಸಿಗಬೇಕು ಅನ್ನುವುದು ನನ್ನ ಲೆಕ್ಕವಾಗಿತ್ತು. ಆ ಲೆಕ್ಕ ನಿಜಕ್ಕೂ ಸರಿಹೋಯಿತು, ಒಂದು ಹೆಜ್ಜೆಯೂ ಇಡುವ ಕಾರಣ ಉಳಿಯಲಿಲ್ಲ. ಔಷಧಿ ಅಂಗಡಿಗೆ ಹೋಗುವುದು ಔಷಧಿಗೆ ಮಾತ್ರವೇ? ದಾರಿಯಲ್ಲಿ ಇಬ್ಬರು ಸಿಗುತ್ತಾರೆ, ಯಾರದೋ ಮನೆಗೆ ಬಣ್ಣ ಹೊಡೆದಿರುತ್ತಾರೆ, ಯಾರ ಮಗುವೋ ನಡೆಯಲು ಕಲಿತಿರುತ್ತದೆ. ಅದನ್ನು ಮನೆಗೆ ತಲುಪಿಸುವ ಹುಡುಗ ಇಲ್ಲ.

ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದ್ದಾರೆ. ಕಳೆದ 4 ವಾರದಲ್ಲಿ ಮಲಗುವ ಕೋಣೆ ಬಿಟ್ಟು ಬೇರೆ ಕೋಣೆಗೆ ಹೋಗಿದ್ದೀರಾ, ಅಂಗಳಕ್ಕೆ, ಬೀದಿಗೆ, ಊರೊಳಗೆ, ಊರಾಚೆಗೆ ಹೋಗಿದ್ದೀರಾ, ಎಷ್ಟು ಸಲ, ಯಾರಾದರೂ ಜೊತೆಗೆ ಬೇಕಾಯಿತಾ ಅಂತ ಕೇಳುತ್ತಾರೆ. ಸೊನ್ನೆಯಿಂದ 120ರ ತನಕ ಅಂಕ. ಒಂದು ಸಂಜೆ ಅಮ್ಮನ ಪರವಾಗಿ ನಾನೇ ತುಂಬಿ ನೋಡಿದೆ. ಎಷ್ಟು ಬಂತು ಅಂತ ಬರೆಯಲು ಮನಸ್ಸಿಲ್ಲ. ಜಪಾನಿನಲ್ಲಿ ಇದಕ್ಕೆ ತೋಜಿಕೊಮೊರಿ ಅಂತ ಒಂದು ಹೆಸರೇ ಇದೆ. ವಾರಕ್ಕೆ ಒಂದು ಸಲವೂ ಹೊರಗೆ ಹೋಗದವರನ್ನು ಸಾಮಾನ್ಯವಾಗಿ ಈ ಗುಂಪಿಗೆ ಸೇರಿಸುತ್ತಾರೆ. ವಾರಕ್ಕೆ ಒಂದೇ ಸಲ! ಅಷ್ಟು ಕೆಳಗೆ ಗೆರೆ ಎಳೆದರೂ ಅಮ್ಮ ಅದರ ಇನ್ನೂ ಕೆಳಗೆ.

2020ರ ಲಾಕ್‌ಡೌನ್ ಇದಕ್ಕೆ ದೊಡ್ಡ ತಳ್ಳು ಕೊಟ್ಟಿತು. ಅಮೆರಿಕದಲ್ಲಿ 70 ದಾಟಿದವರಲ್ಲಿ ಮನೆಯಿಂದ ಹೆಚ್ಚುಕಮ್ಮಿ ಹೊರಡದವರ ಪಾಲು ಅದಕ್ಕೆ ಮುಂಚೆ ಸುಮಾರು ಶೇ. 5 ಇದ್ದದ್ದು ಆ ವರ್ಷ ಶೇ. 13ಕ್ಕೆ ಏರಿತ್ತು. ಆಗ ಎಲ್ಲರೂ ಒಳಗಿದ್ದೆವು. ಬಾಗಿಲು ತೆರೆದಾಗ ನಾವು ಓಡಿ ಹೊರಗೆ ಬಂದೆವು, ಹಿಂದೆ ಯಾರು ಉಳಿದರು ಅಂತ ತಿರುಗಿ ನೋಡಲಿಲ್ಲ.

ಮನೆಯಲ್ಲೇ ಇರುವುದು ನಿಜಕ್ಕೂ ಇಷ್ಟವಾಗಿರುವ ವಯಸ್ಸಾದವರೂ ಇದ್ದಾರೆ. ನಮ್ಮ ದೊಡ್ಡಪ್ಪ ಹಾಗೆ. ರೇಡಿಯೊ, ಪೇಪರು, ಒಂದು ಕಿಟಕಿ, ಅಷ್ಟಿದ್ದರೆ ಅವರು ರಾಜ. ಅವರನ್ನು ಎಳೆದುಕೊಂಡು ಹೋಗುವುದು ಹಿಂಸೆ. ಆದರೆ ದೊಡ್ಡಪ್ಪ ಯಾರೂ ಇಲ್ಲದಾಗ ಮೆಟ್ಟಿಲ ಮೇಲೆ ಕಾಲಿಟ್ಟು ನೋಡುವುದಿಲ್ಲ.

ಇಳಿಯೋಕೆ ಮಾತ್ರ ಹಾಕಿಸಿದೀಯ

ಮೆಟ್ಟಿಲ ಪಕ್ಕಕ್ಕೆ ಕಬ್ಬಿಣದ ಕಂಬಿ ಹಾಕಿಸಿದೆ. ವೆಲ್ಡಿಂಗ್‌ನವನು ಅರ್ಧ ದಿನದಲ್ಲಿ ಮುಗಿಸಿದ. ಅಮ್ಮನನ್ನು ಕರೆದು ತೋರಿಸಿದೆ. ಅವಳು ಬಾಗಿಲಲ್ಲೇ ನಿಂತು ನೋಡಿದಳು. "ಇಳಿಯೋಕೆ ಮಾತ್ರ ಹಾಕಿಸಿದೀಯ. ಹತ್ತೋದು ಬೇಡ್ವಾ?" ಅಂದಳು. ನನಗೆ ಅರ್ಥವಾಗಲಿಲ್ಲ. ಕಂಬಿ ಇಳಿಯುವಾಗ ಬಲಕ್ಕೆ ಸಿಗುತ್ತಿತ್ತು, ಸರಿ. ವಾಪಸ್ ಹತ್ತುವಾಗ ಅದೇ ಕಂಬಿ ಎಡಕ್ಕೆ. ಎಡಗೈ ಮಣಿಕಟ್ಟಿಗೆ ಬಿದ್ದಾಗಿನಿಂದ ಹಿಡಿತವೇ ಇಲ್ಲ. ಇಳಿದರೆ ಅಂಗಳದಲ್ಲೇ ಇರಬೇಕಾಗುತ್ತಿತ್ತು! ಮಾರನೆಯ ದಿನ ವೆಲ್ಡಿಂಗ್‌ನವನನ್ನು ಮತ್ತೆ ಕರೆಸಿದೆ. ಈಗ ಎರಡೂ ಕಡೆ ಇದೆ.

ಕೋಲಿನ ವಿಷಯದಲ್ಲೂ ಹಾಗೇ ಆಯಿತು. ಅಮ್ಮ ಕೋಲನ್ನು ಬಲಗೈಯಲ್ಲಿ ಹಿಡಿಯುತ್ತಿದ್ದಳು. ನೋವು ಎಡ ಮಂಡಿಗೆ, ಕೋಲು ಅದೇ ಕಡೆ ಇರಬೇಕಲ್ವಾ ಅಂತ ನಾನು ಹಿಂದೆ ಬಿದ್ದಿದ್ದೆ. ಫಿಸಿಯೊಥೆರಪಿಯವರು ನಕ್ಕು, ಅಮ್ಮನದೇ ಸರಿ ಅಂದರು. ನೋವಿನ ಕಾಲಿನ ಎದುರು ಕೈಯಲ್ಲೇ ಕೋಲು ಇರಬೇಕು. ನಾನು ತಂದ ಕೋಲು ಉದ್ದ ಜಾಸ್ತಿಯಾಗಿತ್ತು. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕಂತೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮದುವೆಯ ದಿನ ಮೊದಲ ಮೆಟ್ಟಿಲ ಮೇಲೆ ಇದ್ದದ್ದು ಅಮ್ಮನ ಎಡಗಾಲು. ಯಾರೂ ಹೇಳಿಕೊಡದೆ ಅದನ್ನೂ ಅವಳು ಕಂಡುಕೊಂಡಿದ್ದಳು.

ಕಾಲಿಗೆ ಬಲ ಬರುವ ವ್ಯಾಯಾಮವನ್ನೂ ಅವರೇ ಹೇಳಿಕೊಟ್ಟರು. ಕುರ್ಚಿಯಿಂದ ಏಳುವುದು, ಕೂರುವುದು, ಮೇಜು ಹಿಡಿದು ಹಿಮ್ಮಡಿ ಎತ್ತುವುದು. ಇಷ್ಟು ಚಿಕ್ಕದರಿಂದ ಏನಾಗುತ್ತದೆ ಅಂದುಕೊಂಡಿದ್ದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಇಂಥದೇ ವ್ಯಾಯಾಮಗಳನ್ನು ಮನೆಯಲ್ಲೇ ವಾರಕ್ಕೆ 3 ದಿನ ಮಾಡಿಸಿ, ಜೊತೆಗೆ ನಡೆಸಿ ನೋಡಿದಾಗ ಬೀಳುವುದು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗಿತ್ತು. ನಾವು ಶುರು ಮಾಡುವ ಮುಂಚೆ ಒಂದು ಪರೀಕ್ಷೆ ಇತ್ತು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ. ಅಮ್ಮನಿಗೆ 21 ಹಿಡಿಯಿತು. ಮೂರು ತಿಂಗಳಾದ ಮೇಲೆ 17. ಹನ್ನೆರಡಕ್ಕೆ ಬರುವ ಲಕ್ಷಣ ಸದ್ಯಕ್ಕೆ ಇಲ್ಲ. ಕೆಲವು ವಾರ ವ್ಯಾಯಾಮವೇ ಇಲ್ಲ, "ಇವತ್ತು ಬೇಡ" ಅಂತ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಆ "ಬೇಡ" ನಿಜವಾದ ಬೇಡ. ಅದೂ ಈಗ ಸ್ವಲ್ಪ ಗುರುತು ಹಿಡಿಯಲು ಬರುತ್ತದೆ.

ಕೊನೆಗೊಂದು ಸಂಜೆ ಹೊರಟೆವು. ಗಡಿಯಾರವನ್ನು ಮನೆಯಲ್ಲೇ ಬಿಚ್ಚಿಟ್ಟೆ. ಬೀದಿಯ ಮೂಲೆಗೆ ನನಗೆ ಒಂದೂವರೆ ನಿಮಿಷದ ದಾರಿ. ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತೋಳಿಗೆ ಸಿಕ್ಕಿಸಿಕೊಂಡೆ. ಅಮ್ಮನಿಗೆ ನಾಚಿಕೆ. "ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ, ಕುರ್ಚಿ ಹೊತ್ಕೊಂಡು ಮೆರವಣಿಗೆ!" ಗೇಟು ದಾಟಿ ಹದಿನೈದು ಹೆಜ್ಜೆಗೆ ನಿಂತಳು. ಕುರ್ಚಿ ಹಾಕಿದೆ, ಕೂತಳು. ಮತ್ತೆ ಎದ್ದಳು. ಮೂರು ಸಲ ಕೂತು ಮೂಲೆ ತಲುಪಿದೆವು. ದಾರಿಯುದ್ದಕ್ಕೂ ಅವಳು ನನ್ನ ತೋಳು ಹಿಡಿಯಲಿಲ್ಲ, ಬೇರೆಯವರ ಮನೆಯ ಕಾಂಪೌಂಡ್ ಗೋಡೆ ಸವರಿಕೊಂಡು ಬಂದಳು.

ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ರಸ್ತೆ ನೋಡುತ್ತಿದ್ದಳು. ಮೂರನೇ ಮನೆಯ ಹೆಂಗಸು, ಅಮ್ಮನಿಗಿಂತ ಸ್ವಲ್ಪ ಚಿಕ್ಕವರು, ಕೈಯಲ್ಲಿ ಚೀಲ ಹಿಡಿದು ಬಂದವರು ನಿಂತರು. ಎರಡು ಕ್ಷಣ ಅಮ್ಮನ ಮುಖವನ್ನೇ ನೋಡಿದರು. ಆಮೇಲೆ ಅವರ ಮುಖ ಅರಳಿತು.

"ಅಯ್ಯೋ, ನೀವಾ! ಮಗಳ ಮನೇಲಿ ಇದ್ರಿ ಅಂದ್ಕೊಂಡಿದ್ದೆ. ಯಾವಾಗ ಬಂದ್ರಿ?"

ಅಮ್ಮ ಒಮ್ಮೆ ನನ್ನ ಕಡೆ ನೋಡಿದಳು. ಕೋಲನ್ನು ಮಂಡಿಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡಳು.

"ಈಗ್ತಾನೇ" ಅಂದಳು.